ಹಗುರ ಗುಂಡು

ಅತ್ಲೋನ್
ಅಕ್ಟೋಬರ್ 12, 2023

ಅಮೀರ್ ಭಾಯ್,

ನಂದೀಶನ ನಮಸ್ಕಾರ. ಭಾನುವಾರ ಫೋನ್ ಮಾಡಿದಾಗ ಬಾನು ಭಾಭಿ ಎತ್ತಿಕೊಂಡು, "ಇಲ್ಲೇ ಕೂತಿದಾರೆ, ನೀವು ಮಾತಾಡಿ, ಅವರು ಕೇಳಿಸ್ಕೊಳ್ತಾರೆ" ಎಂದು ನಿಮ್ಮ ಕಿವಿಗೆ ಹಿಡಿದರು. ನಾನು ಮಳೆ, ಚಳಿ, ಆಫೀಸು ಅಂತ ಏನೇನೋ ಒದರಿದೆ. ಆ ಕಡೆಯಿಂದ ಬರೀ ಉಸಿರು. ನನ್ನ ಒಂದು ಮಾತನ್ನೂ ಪೂರ್ತಿ ಮಾಡಲು ಬಿಡದ ಮನುಷ್ಯ ನೀವು. ಅಷ್ಟು ಹೊತ್ತು ಸುಮ್ಮನೆ ಕೇಳಿದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅದಕ್ಕೇ ಈ ಕಾಗದ. ಮೆಸೇಜು ಕಳಿಸಿದರೆ ಹೆಬ್ಬೆರಳು ತೋರಿಸಿ ಮುಗಿಸುತ್ತೀರಿ. ಕಾಗದಕ್ಕಾದರೆ ಉತ್ತರ ಬರೆಯಲೇಬೇಕು, ಅದೂ ನಿಮ್ಮ ರಾಣೆಬೆನ್ನೂರಿನ ಶಾಲೆಯ ದುಂಡು ಅಕ್ಷರದಲ್ಲಿ.

ಧ್ವನಿಪೆಟ್ಟಿಗೆ ತೆಗೆದರೂ ಕೈ ಕಣ್ಣು ಎರಡೂ ನೆಟ್ಟಗಿವೆ ಎಂದು ಡಾಕ್ಟರು ಹೇಳಿದರಂತೆ. ಹಾಗಾದರೆ ನಮ್ಮ ಕ್ಲಬ್ಬಿನ ಸುದ್ದಿ ಕೇಳಿ. ಏಪ್ರಿಲ್ ಕೊನೆಯ ಶನಿವಾರ ಹಳೆ ಮಾದರಿ ರಿವಾಲ್ವರುಗಳ ಪಂದ್ಯವಿದೆ. ನಿಮ್ಮ ಹೆಸರನ್ನು ನಾನೇ ಬರೆಸಿಬಂದೆ, ಬಯ್ಯಬೇಡಿ. ಖಾಲಿ ತೋಟಾಗಳಿಗೆ ಮತ್ತೆ ಮದ್ದು, ಗುಂಡು ತುಂಬುವ ಕೆಲಸವನ್ನು ಮನೆಯಲ್ಲಿ ಮಾಡುವ ಹಾಗಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಕ್ಲಬ್ಬಿನ ಕೋಣೆಯಲ್ಲಿ ಅದಕ್ಕೆ ಅನುಮತಿ ಇದೆ. ಈ ಸಲ ನಿಮ್ಮ ಪರವಾಗಿ ನಾನು ತುಂಬುತ್ತೇನೆ. ಯಾವ ಗುಂಡು ತರಿಸಲಿ? ಕ್ಯಾಟಲಾಗ್ ನೋಡಿದರೆ ತಲೆ ತಿರುಗುತ್ತದೆ. ಚೂಪು ಮೂತಿ, ಚಪ್ಪಟೆ ಮೂತಿ, ಗಟ್ಟಿ ಸೀಸ, ಮೆದು ಸೀಸ, ತಾಮ್ರದ ಹೊದಿಕೆ.

ಬಾನು ಭಾಭಿಗೆ ನಮ್ಮ ಮನೆಯವಳು ನೀರಜಾ ನೆನಪು ಹೇಳಿದ್ದಾಳೆ.

ನಿಮ್ಮ
ನಂದೀಶ್


ಬ್ಯಾಲಿನ್‌ಕೊಲಿಗ್
ಅಕ್ಟೋಬರ್ 24, 2023

ನಂದೀಶ,

ನಿನ್ನ ಕಾಗದ ಬಂತು. ನೀವು ಮೈಸೂರಿನವರು ಪ್ರಶ್ನೆ ಕೇಳುವುದಕ್ಕೂ ಮೊದಲು ಒಂದು ಪುಟ ಪೀಠಿಕೆ ಹಾಕುತ್ತೀರಿ.

ಗುಂಡಿನ ವಿಷಯ. ತಾಮ್ರದ ಹೊದಿಕೆ ಬೇಡ. ನನ್ನದು ಮುದುಕ ಬಂದೂಕು, ಅದರ ನಳಿಗೆಗೆ ಸೀಸವೇ ಒಗ್ಗುವುದು. ಸೀಸದಲ್ಲೂ ಮೆದುವಾದದ್ದು. ನಾವು ತುಂಬುವ ಮದ್ದು ಕಡಿಮೆ, ಅಷ್ಟು ಒತ್ತಡಕ್ಕೆ ಗಟ್ಟಿ ಸೀಸ ಹಿಗ್ಗುವುದಿಲ್ಲ. ಸಂದಿನಲ್ಲಿ ಬಿಸಿಗಾಳಿ ನುಗ್ಗಿ ನಳಿಗೆಗೆಲ್ಲ ಸೀಸ ಬಳಿದುಬಿಡುತ್ತದೆ, ಆಮೇಲೆ ನೀನು ವಾರಗಟ್ಟಲೆ ಉಜ್ಜುತ್ತ ಕೂಡಬೇಕು. ಚಪ್ಪಟೆ ಮೂತಿಯದು ತರಿಸು. ಕಾಗದದಲ್ಲಿ ಚೊಕ್ಕ ತೂತು ಬೀಳುತ್ತದೆ, ಅಂಕ ಎಣಿಸುವವನ ಜೊತೆ ಜಗಳ ಇಲ್ಲ. ತೂಕ ಇನ್ನೂರೈವತ್ತು ಗ್ರೇನು. ಮೊದಲಿಂದ ಅದೇ, ಈಗಲೂ ಅದೇ.

ಅಳತೆಯನ್ನು ಡಬ್ಬಿಯ ಮೇಲೆ ನೋಡಿ ನಂಬಬೇಡ. ಬಂದೂಕಿನಲ್ಲಿ ತೋಟಾ ಕೂರುವ ಸಿಲಿಂಡರಿನ ಬಾಯಿಗೆ ಒಂದು ಗುಂಡು ಇಟ್ಟು ನೋಡಬೇಕು. ತಾನಾಗಿ ಜಾರಿ ಬಿದ್ದರೆ ಸಣ್ಣದು. ಸುತ್ತಿಗೆ ಬೇಕೆನಿಸಿದರೆ ದೊಡ್ಡದು. ಪೆನ್ಸಿಲಿನಿಂದ ಮೆಲ್ಲಗೆ ನೂಕಿದರೆ ಹೋಗಬೇಕು, ಒಲ್ಲದ ಮಗು ಶಾಲೆಗೆ ಹೋದ ಹಾಗೆ.

ನಾನು ಆರಾಮ. ದಿನಾ ನದಿ ಪಕ್ಕದ ಪಾರ್ಕಿನಲ್ಲಿ ನಡೆಯುತ್ತೇನೆ. ಅಲ್ಲಿ ಹಿಂದಿನ ಕಾಲದ ಸಿಡಿಮದ್ದಿನ ಕಾರ್ಖಾನೆಯ ಪಾಳುಗೋಡೆಗಳಿವೆಯಲ್ಲ, ಅವುಗಳ ಮೇಲೆ ಕೂತು ದಣಿವಾರಿಸಿಕೊಳ್ಳುತ್ತೇನೆ. ಕುತ್ತಿಗೆಯ ತೂತಿನ ಮೇಲೆ ಮಫ್ಲರ್ ಸುತ್ತಿದರೆ ಯಾರಿಗೂ ತಿಳಿಯುವುದಿಲ್ಲ. ಎದುರು ಸಿಕ್ಕ ಐರಿಷ್ ಮುದುಕಿಯರು ಹವಾಮಾನದ ಬಗ್ಗೆ ಹೇಳುತ್ತಾರೆ, ನಾನು ತಲೆ ಆಡಿಸುತ್ತೇನೆ. ಇಷ್ಟು ಸಭ್ಯ ಮನುಷ್ಯ ಎಂದು ಇಲ್ಲಿ ನನಗೆ ಹೆಸರು ಬಂದಿದೆ.

ನವೆಂಬರ್ ಕೊನೆಯ ಶನಿವಾರ ಅಭ್ಯಾಸಕ್ಕೆ ಬಾನು ಕಾರಿನಲ್ಲಿ ಕರೆತರುತ್ತಾಳೆ. ತುಂಬಿಡು.

ಅಮೀರ್ ಜಾನ್


ಅತ್ಲೋನ್
ಡಿಸೆಂಬರ್ 3, 2023

ಅಮೀರ್ ಭಾಯ್,

ನೀವು ಕ್ಷೇಮವಾಗಿ ತಲುಪಿದಿರೆಂದು ಭಾಭಿ ತಿಳಿಸಿದರು. ಆ ಶನಿವಾರ ಕ್ಲಬ್ಬಿನವರಿಗೆಲ್ಲ ನಿಮ್ಮನ್ನು ನೋಡಿ ಖುಷಿಯಾಯಿತು. ನೀವು ಬಿಳಿ ಬೋರ್ಡಿನ ಮೇಲೆ ಬರೆದು ತೋರಿಸಿದ ಜೋಕುಗಳನ್ನು ಇನ್ನೂ ಹೇಳಿಕೊಂಡು ನಗುತ್ತಿದ್ದಾರೆ.

ಗುಂಡು ನೀವು ಹೇಳಿದ ಹಾಗೇ ಇತ್ತು. ನಳಿಗೆಯನ್ನು ಆಮೇಲೆ ದೀಪಕ್ಕೆ ಹಿಡಿದು ನೋಡಿದೆ, ಒಂದು ಗೆರೆ ಸೀಸವೂ ಹಿಡಿದಿರಲಿಲ್ಲ. ಆದರೆ ಎರಡನೇ ಸುತ್ತಿನಲ್ಲಿ ನೀವು ನಡುವೆಯೇ ಬಂದೂಕು ಕೆಳಗಿಟ್ಟು, "ಕಣ್ಣಿಗೆ ಹೊಗೆ" ಎಂದು ಬೋರ್ಡಿನ ಮೇಲೆ ಬರೆದಿರಿ. ಆ ದಿನ ಗಾಳಿ ನಮ್ಮ ಹಿಂದಿನಿಂದ ಬೀಸುತ್ತಿತ್ತು.

ಒಂದು ವಿಚಾರ ಹೊಳೆಯಿತು. ಇದೇ ರಿವಾಲ್ವರಿಗೆ ನೂರ ಅರವತ್ತು ಗ್ರೇನಿನ ಗುಂಡೂ ಸಿಗುತ್ತದೆ. ಹೊಡೆದಾಗ ಕೈಗೆ ಒದೆತ ಬಹಳ ಕಡಿಮೆಯಂತೆ. ಹೊಗೆಯೂ ಕಡಿಮೆ ಇರಬಹುದು. ಎಷ್ಟೋ ಜನ ಪಂದ್ಯಕ್ಕೆ ಅದನ್ನೇ ಬಳಸುತ್ತಾರೆ. ಒಂದು ಡಬ್ಬಿ ತರಿಸಿ ನೋಡೋಣವೇ?

ನಿಮ್ಮ
ನಂದೀಶ್


ಬ್ಯಾಲಿನ್‌ಕೊಲಿಗ್
ಡಿಸೆಂಬರ್ 20, 2023

ನಂದೀಶ,

ನನ್ನ ಕೈಯ ವಿಷಯ ಹೇಳಬೇಕಿದ್ದರೆ ಕೈಯ ವಿಷಯ ಹೇಳು. ಹೊಗೆ, ಗಾಳಿ ಅಂತ ಸುತ್ತಿ ಬಳಸಬೇಡ.

ಹಗುರ ಗುಂಡು ಹಾಕಿದರೆ ಏನಾಗುತ್ತದೆ ಗೊತ್ತೇ? ಕೆಳಗೆ ಹೊಡೆಯುತ್ತದೆ. ಬಂದೂಕು ಒದ್ದು ಮೂತಿ ಮೇಲೇಳುವಷ್ಟರಲ್ಲಿ ಹಗುರವಾದದ್ದು ಹೊರಟೇ ಹೋಗಿರುತ್ತದೆ. ಭಾರದ ಗುಂಡು ನಿಧಾನಕ್ಕೆ ಹೊರಡುತ್ತದೆ, ಆ ಎತ್ತುವಿಕೆಯ ಲಾಭ ಪಡೆಯುತ್ತದೆ. ನನ್ನದರಲ್ಲಿ ನಳಿಗೆಯ ತುದಿಗೆ ನಿಂತಿರುವ ಗುರಿಮೊನೆ ಒಂದೇ ತುಂಡು ಉಕ್ಕು. ಈಗಿನವುಗಳ ಹಾಗೆ ತಿರುಪು ತಿರುಗಿಸಿ ಏರಿಸಿ ಇಳಿಸಲು ಬರುವುದಿಲ್ಲ. ಭಾರದ ಗುಂಡಿಗೆಂದೇ ಅಳೆದು ನಿಲ್ಲಿಸಿದ್ದು. ಹಗುರದ್ದು ನೆಟ್ಟಗೆ ಹೋಗಬೇಕಾದರೆ ಆ ಮೊನೆಗೆ ಅರ ಹಾಕಿ ತಗ್ಗಿಸಬೇಕು. ಒಮ್ಮೆ ಅರೆದ ಉಕ್ಕು ಮತ್ತೆ ಬೆಳೆಯುತ್ತದೇನು?

ಮಕ್ರೂಮ್ ಊರಿನ ಬಸ್ ಡ್ರೈವರ್ ಮುದುಕ ಅದನ್ನು ನನಗೆ ಮಾರುವಾಗ, "ನಾನು ಹೇಗೆ ಕೊಟ್ಟೆನೋ ಹಾಗೇ ಇರಲಿ" ಎಂದಿದ್ದ. ಹಾಗೇ ಇಟ್ಟಿದ್ದೇನೆ.

ಭಾರದ್ದೇ ತುಂಬು. ಇಲ್ಲದಿದ್ದರೆ ನನ್ನ ಹೆಸರು ಹೊಡೆದು ಹಾಕು.

ಅಮೀರ್ ಜಾನ್


ಅತ್ಲೋನ್
ಜನವರಿ 29, 2024

ಬಾನು ಭಾಭಿಗೆ ನಮಸ್ಕಾರಗಳು.

ನಿನ್ನೆ ನೀವು ಫೋನಿನಲ್ಲಿ ಹೇಳಿದ ಮೇಲೆ ನನಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಆಪರೇಷನ್ ಇಲ್ಲ ಎಂದಷ್ಟೇ ಕಿವಿಯಲ್ಲಿ ಉಳಿದಿದೆ. ನನಗೆ ತಿಳಿಯಬಾರದು ಎಂದು ಅವರು ನಿಮ್ಮಿಂದ ಮಾತು ತೆಗೆದುಕೊಂಡಿದ್ದಾರೆ. ಸರಿ, ನನಗೆ ತಿಳಿದಿಲ್ಲ. ನೀವು ಹೇಳಿಲ್ಲ.

ಅವರು ಪಂದ್ಯಕ್ಕೆ ಬಂದೇ ಬರುತ್ತೇನೆ ಎನ್ನುತ್ತಿದ್ದಾರೆ ಎಂದಿರಿ. ಹಾಗಾದರೆ ನನಗೆ ಒಂದು ವಿಷಯ ತಿಳಿಸಿ. ಅವರ ಬಲಗೈ ಈಗ ಎಷ್ಟು ಭಾರ ಎತ್ತುತ್ತದೆ? ನೇರ ಕೇಳಿದರೆ ಸುಳ್ಳು ಹೇಳುತ್ತಾರೆ. ಅಡುಗೆಮನೆಯಲ್ಲಿ ಕೆಟಲ್ ಎತ್ತುತ್ತಾರಾ, ನೋಡಿ ಹೇಳಿ.

ನಂದೀಶ್


ಬ್ಯಾಲಿನ್‌ಕೊಲಿಗ್
ಫೆಬ್ರವರಿ 3, 2024

ನಂದೀಶ್ ಅವರಿಗೆ ಬಾನು ಮಾಡುವ ಸಲಾಂ.

ಕೆಟಲ್ ಎತ್ತುತ್ತಾರೆ. ಅರ್ಧ ನೀರಿದ್ದರೆ. ಪೂರ್ತಿ ತುಂಬಿದ್ದರೆ ಎಡಗೈ ಸೇರಿಸುತ್ತಾರೆ, ನಾನು ನೋಡುತ್ತಿದ್ದೇನೆ ಎಂದು ಗೊತ್ತಾದರೆ ಅಲ್ಲೇ ಬಿಟ್ಟು, ಟೀ ಬೇಡ ಎಂದು ಕೈಯಾಡಿಸುತ್ತಾರೆ. ನಾನು ಈಗ ಕೆಟಲ್‌ಗೆ ಅರ್ಧವೇ ನೀರು ಹಾಕಿಡುತ್ತೇನೆ.

ನನಗೆ ಆ ಬಂದೂಕು ಕಂಡರೆ ಮೊದಲಿಂದ ಆಗುವುದಿಲ್ಲ. ಮನೆಯಲ್ಲಿ ಅದಿದ್ದರೆ ಮಗ ದೊಡ್ಡವನಾಗುವಾಗ ಹೆದರಿಕೆ ಎಂದು ಎಷ್ಟು ಸಲ ಜಗಳ ಆಡಿದ್ದೆ. ಈಗ ನಾನೇ ಕೇಳುತ್ತಿದ್ದೇನೆ, ಒದೆಯದ ಹಾಗೆ ಏನಾದರೂ ಮಾಡಿಕೊಡಿ. ನವೆಂಬರಿನ ಆ ಶನಿವಾರ ವಾಪಸು ಬರುವಾಗ ದಾರಿಯುದ್ದಕ್ಕೂ ಮಣಿಕಟ್ಟನ್ನು ಕೋಟಿನೊಳಗೆ ಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಬಾನು


ಅತ್ಲೋನ್
ಫೆಬ್ರವರಿ 15, 2024

ಅಮೀರ್ ಭಾಯ್,

ನಿಮ್ಮ ಹೆಸರು ಹೊಡೆದು ಹಾಕಿಲ್ಲ. ಭಾರದ ಗುಂಡಿನವು ಒಂದು ಡಬ್ಬಿ ತುಂಬಿಟ್ಟಿದ್ದೇನೆ. ಹಗುರದ್ದೂ ಒಂದು ಡಬ್ಬಿ ತುಂಬಿದ್ದೇನೆ. ಬೇಕಾದ್ದನ್ನು ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಹಗುರದ್ದು ಆರಿಸುವುದು ಸುಲಭವಾಗಲಿಲ್ಲ. ಮೊದಲು ತರಿಸಿದ್ದು ಗಟ್ಟಿ ಸೀಸ, ವಾಪಸು ಮಾಡಿದೆ. ಎರಡನೆಯದು ಮೂತಿ ತೀರ ಮೋಟಾಗಿತ್ತು, ತೋಟಾದ ಒಳಗೆ ಮುಳುಗಿಹೋಗಿ ಅಂಚು ಮಡಿಸಲು ಜಾಗವೇ ಸಿಗಲಿಲ್ಲ. ಮೂರನೆಯದು ಗಾಲ್ವೇ ಕಡೆಯ ಒಬ್ಬ ಸದಸ್ಯನ ಹತ್ತಿರ ಇತ್ತು, ಮೆದು ಸೀಸ, ಉದ್ದ ಮೂತಿ, ಅಂಚಿನ ಕೆಳಗೆ ಮೇಣ ಹಿಡಿಯುವ ಒಳ್ಳೆ ತೋಡು. ಅಳತೆಯಲ್ಲಿ ನಿಮ್ಮ ಭಾರದ ಗುಂಡಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಾಗಿ ಸಿಲಿಂಡರಿನ ಬಾಯಿಗೂ ಒಪ್ಪಬೇಕು.

ಇಲ್ಲಿ ಶಾನನ್ ನದಿ ದಂಡೆ ಮೀರಿದೆ. ಆಫೀಸಿನಲ್ಲಿ ಎಂದಿನಂತೆ. ನೀವು ಹೇಗಿದ್ದೀರಿ?

ನಿಮ್ಮ
ನಂದೀಶ್


ಬ್ಯಾಲಿನ್‌ಕೊಲಿಗ್
ಮಾರ್ಚ್ 4, 2024

ನಂದೀಶ,

"ನೀವು ಹೇಗಿದ್ದೀರಿ" ಎಂದು ಕಾಗದದ ಕೊನೆಯಲ್ಲಿ ಬರೆದಿದ್ದೀಯ. ಹನ್ನೆರಡು ವರ್ಷದಿಂದ ನೀನು ಅದನ್ನು ಸಿಕ್ಕಾಗಲೆಲ್ಲ ಮೊದಲ ಮಾತಿಗೇ ಕೇಳುತ್ತಿದ್ದವನು. ಬಾನುವಿಗೆ ಗುಟ್ಟು ಇಡಲು ಬರುವುದಿಲ್ಲ, ನಿನಗಂತೂ ಮೊದಲೇ ಬರುವುದಿಲ್ಲ. ಅವಳನ್ನು ಬಯ್ದಿಲ್ಲ. ಬಯ್ಯಬೇಕಾದರೆ ಬೋರ್ಡಿನ ಮೇಲೆ ಬರೆಯಬೇಕು, ಬರೆಯುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ.

ಹಗುರ ಗುಂಡೇ ಆಗಲಿ.

ಇನ್ನೊಂದು ಮಾತು. ಗುರಿಮೊನೆಗೆ ಅರ ಹಾಕೋಣ. ಡಿಸೆಂಬರಿನಲ್ಲಿ ನಾನು ಬೇಡ ಎಂದದ್ದು ನನ್ನ ನಂತರ ಅದನ್ನು ಹಿಡಿಯುವವನು ಭಾರದ ಗುಂಡು ಹಾಕುತ್ತಾನೆ ಎಂದು. ಆಮೇಲೆ ಕೂತು ಯೋಚಿಸಿದೆ, ಯಾರು ಹಿಡಿಯುತ್ತಾರೆ? ನನ್ನ ಮಗ ನೂಮಾನ್ ಬ್ಲಾಂಚರ್ಡ್ಸ್‌ಟೌನಿನಿಂದ ಬಂದಾಗ ಬಂದೂಕಿನ ಅಲಮಾರಿಯ ಕಡೆ ತಿರುಗಿಯೂ ನೋಡುವುದಿಲ್ಲ. ನಿನಗೆ ಕೊಡೋಣವೆಂದರೆ, ಹೊಸಬರಿಗೆ ಇಂಥದ್ದರ ಪರವಾನಗಿ ನಿಲ್ಲಿಸಿದ ಮೇಲೆ ನೀನು ಈ ದೇಶಕ್ಕೆ ಬಂದವನು. ಪರವಾನಗಿ ನನ್ನ ಹೆಸರಿಗಿದೆ, ನನ್ನ ಜೊತೆಗೇ ಮುಗಿಯುತ್ತದೆ. ಆಮೇಲೆ ಅದನ್ನು ಗಾರ್ಡಾ ಪೊಲೀಸರ ಸ್ಟೇಷನ್ನಿಗೆ ಒಪ್ಪಿಸಬೇಕು, ಅವರು ಮುರಿದು ಹಾಕುತ್ತಾರೆ. ಯಾರೂ ಇಲ್ಲದ ಮೇಲೆ ಯಾರಿಗಾಗಿ ಆ ಮೊನೆಯನ್ನು ಉಳಿಸಲಿ?

ನೀನು ಬಂದು ಅರ ಹಾಕು. ನನ್ನ ಕೈ ನಡುಗುತ್ತದೆ.

ರಂಜಾನ್ ಬರುತ್ತಿದೆ. ಈ ಸಲ ಉಪವಾಸ ಇಲ್ಲ, ಡಾಕ್ಟರ ಅಪ್ಪಣೆ. ಬಾನು ಒಬ್ಬಳೇ ಹಿಡಿಯುತ್ತಾಳೆ.

ಅಮೀರ್ ಜಾನ್


ಅತ್ಲೋನ್
ಮಾರ್ಚ್ 11, 2024

ಅಮೀರ್ ಭಾಯ್,

ನಾನು ಅರ ಹಾಕುವುದಿಲ್ಲ.

ನೀವು ಗುರಿಯನ್ನು ಕಪ್ಪು ವೃತ್ತದ ಮೇಲಂಚಿಗೆ ಹಿಡಿಯಿರಿ, ಗುಂಡು ನಡುವಿಗೆ ಬರುತ್ತದೆ. ಎಷ್ಟು ಮೇಲೆ ಎನ್ನುವುದನ್ನು ನಾನು ದುರ್ಬೀನಿನಲ್ಲಿ ನೋಡಿ ಹೇಳುತ್ತೇನೆ. ಪಕ್ಕದಲ್ಲೇ ನಿಂತಿರುತ್ತೇನೆ. ಉಕ್ಕನ್ನು ಮಾತ್ರ ಮುಟ್ಟುವುದಿಲ್ಲ, ಮತ್ತೆ ಕೇಳಬೇಡಿ.

ಕೋವಿಡ್ ಸಮಯದಲ್ಲಿ ಅಮ್ಮ ಹೋದಾಗ ನನಗೆ ಮೈಸೂರಿಗೆ ಹೋಗಲು ಆಗಲಿಲ್ಲ. ಫೋನಿನ ಪರದೆಯಲ್ಲಿ ಅಮ್ಮನ ಮುಖ ನೋಡುತ್ತ ಕೂತಿದ್ದೆ. ಮನೆಯಿಂದ ದೂರ ಹೋಗಬಾರದೆಂಬ ನಿಯಮ, ದಾರಿಯಲ್ಲೆಲ್ಲ ಗಾರ್ಡಾ ತಪಾಸಣೆ. ತಲೆ ಎತ್ತಿದರೆ ನಮ್ಮ ಕಿಟಕಿಯ ಆಚೆ ಹುಲ್ಲಿನ ಮೇಲೆ ಮಳೆಯಲ್ಲಿ ನೀವು ನಿಂತಿದ್ದಿರಿ. ತಡೆದವನಿಗೆ ಏನು ಹೇಳಿದಿರೆಂದು ಆಮೇಲೆ ಕೇಳಿದ್ದಕ್ಕೆ, "ತಮ್ಮನ ತಾಯಿ ತೀರ್ಕೊಂಡಾರ, ಬಿಡು ಅಂದೆ, ಬಿಟ್ಟ" ಎಂದಿರಿ. ಅವನು ನಿಮ್ಮ ಪಾಸ್‌ಪೋರ್ಟಿನ ಹೆಸರು ನೋಡಿ, ನನ್ನ ಹೆಸರು ಕೇಳಿ ಏನಂದುಕೊಂಡನೋ. ಒಳಗೆ ಬರುವ ಹಾಗಿರಲಿಲ್ಲ. ಅಮ್ಮನನ್ನು ಚಿತೆಗೆ ಇಡುವವರೆಗೂ ಅಲ್ಲೇ ನಿಂತಿದ್ದಿರಿ.

ಅಂಥ ನೀವು ಇರುವಾಗಲೇ ನಿಮ್ಮ ನಂತರದ ಲೆಕ್ಕ ಹಾಕಿ ನಾನು ಅರ ಹಿಡಿದು ಬರಲೇ?

ನಂದೀಶ್


ಬ್ಯಾಲಿನ್‌ಕೊಲಿಗ್
ಮೇ 2, 2024

ನಂದೀಶ,

ಪಂದ್ಯದ ದಿನ ನೀನು ಬಂದೂಕು ನೋಡಿದ ತಕ್ಷಣ ಗುರಿಮೊನೆ ತಗ್ಗಿರುವುದು ನಿನಗೆ ಕಂಡಿತು. ನೀನು ತೋಟಾ ಎಣಿಸುವ ನೆಪದಲ್ಲಿ ಆ ಕಡೆ ತಿರುಗಿದೆ. ಕಾರ್ಕ್‌ನ ಬಂದೂಕು ರಿಪೇರಿಯವನ ಹತ್ತಿರ ನಾನೇ ಅರ ಹಾಕಿಸಿದೆ. ನಾಲ್ಕು ಸಲ ಅರ ಎಳೆಯುವುದು, ಹೊಡೆದು ನೋಡುವುದು, ಮತ್ತೆ ಎಳೆಯುವುದು. ಅವನು ಕೇಳಿದ, "ಖಂಡಿತಾನಾ?" ಅಂತ. ನಾನು ತಲೆ ಆಡಿಸಿದೆ.

ನಿನ್ನ ಮೇಲೆ ಬೇಸರವಿಲ್ಲ. ನೀನು ಹಾಕಿದ್ದರೆ ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ನೀನು ಒಲ್ಲೆ ಎಂದದ್ದೇ ಒಳ್ಳೆಯದಾಯಿತು.

ಗುಂಡಿನ ಆಯ್ಕೆ ಚೆನ್ನಾಗಿತ್ತು. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಅಷ್ಟು ವರ್ಷ ನಾನು ಹಗುರದ್ದನ್ನು ಹೀಗಳೆದದ್ದು ತಪ್ಪು. ಮೊದಲನೆಯದು ಹೊಡೆದಾಗ ಬಂದೂಕು ಕೈಯಲ್ಲಿ ಹಕ್ಕಿ ಮಿಸುಕಿದ ಹಾಗೆ ಮಿಸುಕಿತು ಅಷ್ಟೇ. ನಡುವಿಗೇ ಬಿತ್ತು. ಎರಡನೆಯದು ಅದರ ಮಗ್ಗುಲಿಗೆ. ನೀನು ದುರ್ಬೀನಿನಿಂದ ಕಣ್ಣು ತೆಗೆಯದೆ, "ಭಾಯ್, ಅಲ್ಲೇ, ಅಲ್ಲೇ ಹಿಡೀರಿ" ಎನ್ನುತ್ತಿದ್ದೆ. ನಿನ್ನ ಧ್ವನಿ ನಡುಗುತ್ತಿತ್ತು, ನನ್ನ ಕೈ ನಡುಗುತ್ತಿರಲಿಲ್ಲ. ಆ ಸುತ್ತು ಮುಗಿಯುವವರೆಗೂ ನಾನು ರೋಗಿ ಎಂಬುದು ನನಗೆ ನೆನಪಿರಲಿಲ್ಲ.

ಕೊನೆಯ ಸುತ್ತು ಆಗಲಿಲ್ಲ. ಬಂದೂಕಿನ ಸುತ್ತಿಗೆಯನ್ನು ಹಿಂದಕ್ಕೆ ಎಳೆಯಲು ಹೆಬ್ಬೆರಳಿಗೆ ಬಲ ಬರಲಿಲ್ಲ. ಒದೆತ ಎಷ್ಟು ಕಡಿಮೆಯಾದರೇನು, ಎಳೆಯುವುದನ್ನು ನಾನೇ ಎಳೆಯಬೇಕಲ್ಲ. ಕೆಳಗಿಟ್ಟೆ. ಮೇಲ್ವಿಚಾರಕ ಬಂದು, "ಯು ವರ್ ಗ್ರ್ಯಾಂಡ್, ಅಮೀರ್" ಎಂದು ಬೆನ್ನು ತಟ್ಟಿದ.

ಆಮೇಲೆ ನೀನು ಕಾರುಗಳ ಹಿಂದೆ ಹೋಗಿ ನಿಂತು ಅಳುತ್ತಿದ್ದೆ. ಬಾನುವಿನ ಕಾರಿನೊಳಗಿಂದ ನನಗೆ ನೀನು ಕಾಣುತ್ತಿದ್ದೆ. ಕರೆಯಲು ಧ್ವನಿ ಇಲ್ಲ. ಇಳಿದು ಬರಲು ಶಕ್ತಿ ಇಲ್ಲ. ಅದಕ್ಕೇ ಹಾರ್ನ್ ಒತ್ತಿದೆ. ನೀನು ತಿರುಗಲಿಲ್ಲ, ಕ್ಲಬ್ಬಿಗೆ ಕ್ಲಬ್ಬೇ ತಿರುಗಿ ನೋಡಿತು. ಮತ್ತೆ ಒತ್ತಿದೆ. ಕಡೆಗೆ ಬಾನು ನನ್ನ ಕೈ ತೆಗೆದಳು.

ನನಗೆ ಹೇಳಬೇಕಿದ್ದದ್ದು ಇಷ್ಟೇ, ಬಾ, ನನ್ನ ಪಕ್ಕ ಕೂಡು. ಅಲ್ಲಿ ಒಬ್ಬನೇ ಯಾಕೆ ಅಳುತ್ತಿ?

ಅಮೀರ್ ಜಾನ್


ಅತ್ಲೋನ್
ಜೂನ್ 9, 2024

ಅಮೀರ್ ಭಾಯ್,

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ಕೂತು ಎಷ್ಟೋ ಹಾಳೆ ಹರಿದೆ. ಭಾಭಿ ಹೇಳಿದರು, ಈಗ ನೀವು ಹೆಚ್ಚು ಹೊತ್ತು ನಿದ್ದೆಯಲ್ಲೇ ಇರುತ್ತೀರೆಂದು, ಪೆನ್ನು ಹಿಡಿಯುವುದಿಲ್ಲವೆಂದು. ಆದ್ದರಿಂದ ಉತ್ತರ ಬೇಡ. ಇದನ್ನು ಭಾಭಿ ಓದಿ ಹೇಳಲಿ.

ಹಾರ್ನ್ ಕೇಳಿಸಿತ್ತು. ಎರಡು ಸಲವೂ ಕೇಳಿಸಿತ್ತು. ನೀವೇ ಎಂದೂ ಗೊತ್ತಿತ್ತು. ತಿರುಗಿದ್ದರೆ ನಿಮ್ಮ ಮುಖ ನೋಡಬೇಕಾಗುತ್ತಿತ್ತು.

ಶನಿವಾರ ಬರುತ್ತೇನೆ. ನಿಮ್ಮ ಪಕ್ಕ ಕೂಡುತ್ತೇನೆ. ಮಾತಾಡುವುದಿಲ್ಲ.

ನಿಮ್ಮ ತಮ್ಮ
ನಂದೀಶ್


ಬ್ಯಾಲಿನ್‌ಕೊಲಿಗ್
ಆಗಸ್ಟ್ 18, 2024

ನಂದೀಶ್ ಅವರಿಗೆ ಬಾನು ಮಾಡುವ ಸಲಾಂ.

ಜನಾಜಾಕ್ಕೆ ನೀವು ಮುಂದಿನ ಸಾಲಿನಲ್ಲಿ ಹೆಗಲು ಕೊಟ್ಟಿರೆಂದು ನೂಮಾನ್ ಹೇಳಿದ. ಅವತ್ತು ನನಗೆ ನಿಮ್ಮ ಹತ್ತಿರ ಒಂದು ಮಾತೂ ಆಡಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಜೂನ್ ತಿಂಗಳಲ್ಲಿ ಬಂದು ಕೂತ ದಿನ ಅವರು ಕಣ್ಣು ಮುಚ್ಚಿದ್ದರೂ ನಿದ್ದೆಯಲ್ಲಿರಲಿಲ್ಲ. ನೀವು ಹೋದ ಮೇಲೆ ಬೋರ್ಡು ಕೇಳಿದರು. "ಅವನು ಊಟ ಮಾಡಿದನಾ" ಎಂದು ಬರೆದರು. ಮಾಡಿದ್ದಾರೆ ಎಂದೆ. ನೀವು ಮಾಡಿರಲಿಲ್ಲ.

ಬಂದೂಕನ್ನು ಕಳೆದ ವಾರ ಒಪ್ಪಿಸಿಬಂದೆವು. ಗಂಡ ತೀರಿದ ಮೇಲಿನ ಇದ್ದತ್ತಿನಲ್ಲಿ ನಾನು ಹೊರಗೆ ಹೋಗಬಾರದು, ಆದರೆ ಇದು ಬಿಡಲಾಗದ ಕೆಲಸ. ನೂಮಾನ್ ತಾನೊಬ್ಬನೇ ಹೋಗುತ್ತೇನೆ ಎಂದ. ನಾನು ಕೇಳಲಿಲ್ಲ. ಸ್ಟೇಷನ್ನಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಗಾರ್ಡಾ ಹುಡುಗಿ ಇದ್ದಳು. ಪೆಟ್ಟಿಗೆ ತೆರೆದು ನೋಡಿ, ಇದನ್ನು ವಸ್ತುಸಂಗ್ರಹಾಲಯಕ್ಕೇನಾದರೂ ಕೊಡಬಹುದಿತ್ತು, ಮೂತಿಯ ಹತ್ತಿರ ಅರೆದಿದ್ದಾರೆ, ಇನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನೂಮಾನನಿಗೆ ಹೇಳಿದಳು. ಅವನು, ಇಲ್ಲಿಯವರು ಆಗಲಿ ಎನ್ನುವುದಕ್ಕೆ ಹೇಳುವ ಹಾಗೆ, "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತ ಸಹಿ ಹಾಕಿದ. ಕಾರಿಗೆ ಬಂದು ಸ್ಟೇರಿಂಗ್ ಮೇಲೆ ತಲೆ ಇಟ್ಟು, "ಅವರು ಹೊಡೆಯೋದನ್ನ ನಾನು ಒಂದ್ಸಲಾನೂ ನೋಡಕ್ಕೆ ಹೋಗ್ಲಿಲ್ಲ, ಅಮ್ಮಿ" ಎಂದು ಕನ್ನಡದಲ್ಲಿ ಅತ್ತ. ಅವನು ಕನ್ನಡದಲ್ಲಿ ಮಾತಾಡಿ ಎಷ್ಟು ವರ್ಷವಾಗಿತ್ತೋ.

ಕ್ಲಬ್ಬಿನಲ್ಲಿ ಉಳಿದ ತೋಟಾಗಳನ್ನು ಏನು ಮಾಡಬೇಕೆಂದು ಕೇಳಿದ್ದೀರಿ. ನಿಮಗೆ ತೋಚಿದಂತೆ ಮಾಡಿ. ನನಗೆ ಕೇಳಬೇಡಿ.

ನೀರಜಾಗೆ ರಜೆ ಸಿಕ್ಕರೆ ಒಂದೆರಡು ದಿನ ಇಲ್ಲಿಗೆ ಕಳಿಸಿಕೊಡಿ. ನೂಮಾನ್ ಡಬ್ಲಿನ್ನಿನ ತನ್ನ ಮನೆಗೆ ಹೋಗಲೇಬೇಕು, ಕೆಲಸವಿದೆ. ಜನ ಫೋನು ಮಾಡಿ, ಪಾಪ ವರ್ಷದಿಂದ ಅವರಿಗೆ ಮಾತೇ ಇರಲಿಲ್ಲ, ಮನೆಯ ಮೌನ ನಿಮಗೆ ಅಭ್ಯಾಸವಾಗಿರಬೇಕು ಎನ್ನುತ್ತಾರೆ. ಆ ಜನಕ್ಕೆ ಹೇಗೆ ಹೇಳಲಿ? ಮಾತು ಹೋದ ಮೇಲೆ ಅವರು ಮೊದಲಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದರು. ಟೀ ಬೇಕಾದರೆ ಚಮಚದಿಂದ ಲೋಟ ಬಡಿಯುವರು, ಸಿಟ್ಟು ಬಂದರೆ ಬಾಗಿಲು, ನಗು ಬಂದರೆ ಮೇಜು. ಮಹಡಿಯಿಂದ ಕರೆಯಬೇಕೆಂದರೆ ಚಪ್ಪಲಿಯಿಂದ ನೆಲ ಕುಟ್ಟುವರು. "ಸಾಕು ಕಣ್ರೀ, ತಲೆ ಸಿಡೀತದೆ" ಎಂದು ನಾನು ಕೂಗುತ್ತಿದ್ದೆ.

ನೀರಜಾ ಬರಲಿ. ಬಂದು ಏನಾದರೂ ಸದ್ದು ಮಾಡಲಿ.

ಬಾನು